ಹೆಂಡತಿಯ ಬೀಳ್ಕೊಡುಗೆಯಲ್ಲಿ ಭಾಷಣಕಾರ

ಶಿವಮೊಗ್ಗದ ನಮ್ಮ ಪರಿಚಿತರ ವಲಯದಲ್ಲಿ ಯಾರೇ ನಿವೃತ್ತರಾಗಲಿ, ಮೊದಲ ಫೋನು ಹಾರ ಕಟ್ಟುವವರಿಗೆ, ಎರಡನೆಯದು ಆಹಾರ ಒದಗಿಸುವವರಿಗೆ, ಮೂರನೆಯದು ನನಗೆ. ಹಾರ ಬಾಡುತ್ತದೆ, ಆಹಾರ ಅರಗುತ್ತದೆ, ನನ್ನ ಅಭಿನಂದನಾ ಭಾಷಣ ಮಾತ್ರ ಸಭಿಕರಿಗೆ ಅರಗದೆ ಉಳಿಯುತ್ತದೆಂದು ಮಿತ್ರರು ತಮಾಷೆ ಮಾಡುವುದುಂಟು. ಕನ್ನಡ ಮೇಷ್ಟ್ರಾಗಿ ಸಂಪಾದಿಸಿದ ವಿಶೇಷಣಗಳನ್ನೆಲ್ಲ ಧಾರಾಳವಾಗಿ ಹಂಚಿದ್ದೇನೆ; ಆಜನ್ಮ ಮುಂಗೋಪಿಗಳನ್ನೂ 'ಸಹನೆಯ ಸಾಕಾರಮೂರ್ತಿ' ಎಂದು ಕರೆದು ಅವರ ಮನೆಯವರನ್ನೇ ಚಕಿತಗೊಳಿಸಿದ್ದೇನೆ.

ಇಂಥ ನಾನು ಕಳೆದ ವರ್ಷ ಭದ್ರಾವತಿಯ ನ್ಯೂ ಟೌನಿನ ಶಾಲೆಯೊಂದರ ವೇದಿಕೆಯಲ್ಲಿ ಕುಳಿತಿದ್ದೆ. ಅಂದು ನಿವೃತ್ತರಾಗುತ್ತಿದ್ದ ಗಣಿತದ ಟೀಚರ್ ನನ್ನ ಹೆಂಡತಿ ವಿಮಲಾ. ಹಾಸಿಗೆ ಹಿಡಿದಿದ್ದ ನನ್ನಮ್ಮನಿಗೆ ತುತ್ತು ತಿನ್ನಿಸಿ, ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಿಂದ ಓಡೋಡಿ ಭದ್ರಾವತಿ ಬಸ್ಸು ಹಿಡಿಯುತ್ತಿದ್ದವಳು. ಅಮ್ಮ ಕೊನೆಕೊನೆಗೆ ಮಗನ ಹೆಸರನ್ನು ಮರೆತರೂ ಸೊಸೆಯ ಹೆಸರನ್ನು ಮರೆಯಲಿಲ್ಲ. ಅಂಥವಳ ಬಗ್ಗೆ ಹೇಳಲು ವಿಶೇಷಣಗಳೇ ಬೇಕಿತ್ತೇ, ನೀವೇ ಹೇಳಿ.

"ಸರ್, ಇವತ್ತು ನೀವು ಮಾತಾಡದೇ ಇದ್ರೆ ಹ್ಯಾಗೆ?" ಎಂದು ಹೆಡ್‌ಮಾಸ್ಟರು ನನ್ನ ಕೈಗೆ ಮೈಕು ಕೊಟ್ಟರು. ವಿಮಲಾ ತನಗೆ ಹೊದಿಸಿದ್ದ ಶಾಲನ್ನು ಸರಿಪಡಿಸಿಕೊಂಡು, ಕುರ್ಚಿಯನ್ನು ನನ್ನತ್ತ ಕೊಂಚ ತಿರುಗಿಸಿ ಕುಳಿತಳು. ಆ ಮುಖ ನೋಡಿದ್ದೇ ತಡ, ಗಾಬರಿಯಾಗಿ ಹಾಸ್ಯಕ್ಕೆ ಶರಣಾದೆ. ಗಣಿತದವಳನ್ನು ಕಟ್ಟಿಕೊಂಡ ಕನ್ನಡದವನ ಪಾಡು, ನಮ್ಮ ಮನೆಯಲ್ಲಿ ಸಂಧಿ ಮಾಡುವವನು ನಾನು, ಭಾಗಿಸುವವಳು ಅವಳು ಎಂದೆಲ್ಲ ಹರಟಿದೆ. ಮಕ್ಕಳು ಬಿದ್ದುಬಿದ್ದು ನಕ್ಕರು. ವಿಮಲಾಳೂ ನಕ್ಕಳು; ಆಮೇಲೆ ಕುರ್ಚಿಯನ್ನು ಮೊದಲಿನಂತೆ ತಿರುಗಿಸಿಕೊಂಡಳು.

ಮರಳುವಾಗ ಬಸ್ಸಿನಲ್ಲಿ, "ಎಲ್ರೂ ಚೆನ್ನಾಗಿ ನಕ್ಕರು ಕಣ್ರೀ" ಎಂದಳು. ಮಡಿಲಲ್ಲಿದ್ದ ಶಾಲನ್ನು ಮಡಚುತ್ತ, "ನಾನು ಬೇರೆ ಏನೋ ಹೇಳ್ತೀರಿ ಅಂದ್ಕೊಂಡಿದ್ದೆ" ಎಂದಳು.

"ಏನು?"

"ಏನಿಲ್ಲ ಬಿಡಿ."

ವೇದಿಕೆಯಲ್ಲಿ ಹೇಳದೇ ಉಳಿದದ್ದನ್ನು ಮರುದಿನವೇ ಹೇಳಿಬಿಡೋಣವೆಂದು ಅಡುಗೆಮನೆಯ ಬಾಗಿಲವರೆಗೆ ಹೋದವನು, ಗ್ಯಾಸ್ ಬುಕ್ ಮಾಡಬೇಕೇ ಎಂದು ವಿಚಾರಿಸಿ ಹಿಂದಿರುಗಿದೆ. ನಿಮ್ಮಲ್ಲೂ ಕೆಲವರು ಆ ಹೊಸ್ತಿಲಿನಿಂದ ಹೀಗೆಯೇ ಹಿಂದಿರುಗಿರಬಹುದು. ಹೊಸ್ತಿಲು ಅಷ್ಟು ಎತ್ತರವೇನೂ ಇರುವುದಿಲ್ಲ. ಆದರೂ ತಿಂಗಳುಗಳು ಕಳೆದವು.

ಮೊನ್ನೆ ಹೊಳಲೂರಿನಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರಿಗೆ ಸನ್ಮಾನವಿತ್ತು. ವಿಮಲಾಳೂ ಜೊತೆಗೆ ಬಂದಿದ್ದಳು. ಪೋಸ್ಟ್‌ಮಾಸ್ಟರರ ಪತ್ನಿಯ ತಾಳ್ಮೆ, ತ್ಯಾಗಗಳನ್ನು ನಾನು ಬಣ್ಣಿಸಿದ ಪರಿಗೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಭೆ ಮುಗಿದು ಬಸ್‌ಸ್ಟಾಪಿಗೆ ಬಂದಾಗ ವಿಮಲಾ ಕೇಳಿದಳು:

"ಆ ಅಮ್ಮನ್ನ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲ, ಇವತ್ತೇ ನೋಡಿದ್ದು."

"ಅದಕ್ಕೇ ಮಾತು ಅಷ್ಟು ಸಲೀಸಾಗಿ ಬಂತು."

ದನಿಯಲ್ಲಿ ಸಿಟ್ಟಿದ್ದರೆ ಸಮಜಾಯಿಷಿ ಕೊಡುವುದು ನನಗೆ ಸುಲಭವಾಗುತ್ತಿತ್ತು. ಅದಿರಲಿಲ್ಲ. ನನ್ನ ಅಷ್ಟೂ ವಿಶೇಷಣಗಳು ಕೈಕೊಟ್ಟವು.

"ನಿನ್ನ ಬಗ್ಗೆ ಹೇಳಕ್ಕೆ ಹೋದ್ರೆ ಅಳು ಬರುತ್ತೆ ಮಾರಾಯ್ತಿ" ಎಂದೆ. "ಅವತ್ತೂ ಅದೇ ಆಗಿದ್ದು."

ಅವಳು ರಸ್ತೆಯ ಕಡೆಗೇ ನೋಡುತ್ತಿದ್ದಳು. ಬಸ್ಸು ಬಂದು ನಿಂತರೂ ತಕ್ಷಣ ಹತ್ತಲಿಲ್ಲ.

"ಅತ್ತುಬಿಡಬೇಕಿತ್ತು ಕಣ್ರೀ" ಎಂದಳು. "ನನ್ನ ಕ್ಲಾಸಿನ ಮಕ್ಕಳೆಲ್ಲ ಅಲ್ಲೇ ಇದ್ರು, ಅವ್ರೂ ನೋಡಿರೋರು."