ಅಜ್ಜಿಯ ತಮ್ಮ ಕೊಟ್ಟ ಹೇಳಿಕೆ

ನನ್ನ ತಾಯಿಯ ತಾಯಿಗೆ ತವರಿರಲಿಲ್ಲ. ಇಲ್ಲವೆಂದೇ ನಾವು ತಿಳಿದಿದ್ದೆವು. ನಾನು ಸಣ್ಣವಳಿದ್ದಾಗ "ಆಯಿ, ನಿನ್ನ ಊರು ಯಾವುದು?" ಎಂದು ಕೇಳಿದರೆ, ಇಳಕಲ್ಲಿನ ಆ ಮಗ್ಗದ ಮನೆಯಲ್ಲಿ ಕೂತು "ಇದ ನನ್ನ ಊರು" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಬ್ಬಳೇ ಮಗಳಾದ ಅವ್ವನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವ್ವ ಆಗಾಗ, "ಆಕೀ ಕಡೆಯವ್ರಿಗೆ ಸುದ್ದಿ ಮುಟ್ಟಸಬೇಕಂದ್ರ, ಯಾರಿಗಂತ ಮುಟ್ಟಸ್ಲಿ?" ಎಂದು ಕೊರಗುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಕಲಿಸುವವಳು. ಆ ವರ್ಷ ನಮ್ಮ ಮನೆತನದ ಹಿರಿಯರ ವಿವರ ಕೂಡಿಹಾಕುತ್ತಿದ್ದೆ. ಅಪ್ಪನ ಕಡೆಯದು ಹೊಲದ ಪಹಣಿ ಉತಾರಗಳಲ್ಲಿ ಸಿಕ್ಕಿತು. ಅಜ್ಜಿಗೆ ಹೊಲವಿರಲಿಲ್ಲ, ಸಾಲೆ ಕಲಿತವಳೂ ಅಲ್ಲ. ಆಗ ಜೊತೆಗಿನ ಶಿಕ್ಷಕರೊಬ್ಬರು, "ನಿಮ್ಮ ಅಜ್ಜಿಗೆ ವಿಧವಾ ಪಗಾರ ಬರ್ತಿತ್ತಲ್ರಿ? ಅದರ ಅರ್ಜಿ ತಗಸ್ರಿ. ಮಂಜೂರು ಮಾಡೂ ಮೊದಲ, ನೋಡಿಕೊಳ್ಳವ್ರು ಯಾರರ ಅದಾರೇನು ಅಂತ ಊರಿನ ಲೆಕ್ಕಿಗ ತಲಾಟಿ ವಿಚಾರಣಿ ಮಾಡಿರ್ತಾನ" ಎಂದರು.

ಅಜ್ಜ ತೀರಿಕೊಂಡ ಕಾಲಕ್ಕೆ ಇಳಕಲ್ಲು ಹುನಗುಂದ ತಾಲೂಕಿಗೆ ಸೇರಿತ್ತು. ಹಾಗಾಗಿ ಅಜ್ಜಿಯ ಮರಣ ಪ್ರಮಾಣಪತ್ರ ಹಿಡಿದುಕೊಂಡು ಹುನಗುಂದದ ತಾಲೂಕು ಕಚೇರಿಗೆ ಹೋಗಿ ಆ ಕಡತ ನೋಡಲು ಅರ್ಜಿ ಕೊಟ್ಟೆ. ಕೆಲವು ವಾರಗಳ ಮೇಲೆ ಕರೆ ಬಂತು. ಅವ್ವನೂ ಜೊತೆಗೆ ಬಂದಳು.

ತೆಳ್ಳನೆಯ ಕಡತ. ಅಜ್ಜಿಯ ಹೆಬ್ಬೆಟ್ಟಿನ ಗುರುತಿನ ಮೇಲೆ ಅವ್ವ ಕೈಯಾಡಿಸಿದಳು. ನಾನು ವಿಚಾರಣೆಯ ವರದಿಯನ್ನು ಓದುತ್ತ ಹೋದೆ. ತವರು ಬೇವೂರು. ತಂದೆ ತಾಯಿ ಇಲ್ಲ. ತಮ್ಮನೊಬ್ಬನಿದ್ದಾನೆ. ಅಕ್ಕನಿಗೂ ತನಗೂ ಸಂಬಂಧವಿಲ್ಲ, ಆಕೆಯನ್ನು ನೋಡಿಕೊಳ್ಳುವುದಿಲ್ಲ ಎಂದು ಆತ ಹೇಳಿಕೆ ಕೊಟ್ಟಿದ್ದಾನೆ.

"ಸಾಕು, ಓದಬ್ಯಾಡ" ಎಂದಳು ಅವ್ವ.

ಬಸ್ ಸ್ಟ್ಯಾಂಡಿಗೆ ಬಂದೆವು. ಇಳಕಲ್ಲಿನ ಬಸ್ಸು ಬಂದು ನಿಂತಾಗ ಅವ್ವ ಹತ್ತಲಿಲ್ಲ. "ಜೀವಂತ ಅದಾನೋ ಇಲ್ಲೋ. ಬೇವೂರಿಗೆ ಹೋಗಿ ಬಂದುಬಿಡೂಣು" ಎಂದಳು.

ಬೇವೂರಿನಲ್ಲಿ ಬೀರಪ್ಪನ ಗುಡಿಯ ಹತ್ತಿರ ವರದಿಯಲ್ಲಿದ್ದ ಹೆಸರು ಹೇಳಿ ವಿಚಾರಿಸಿದೆವು. ಮನೆ ತೋರಿಸಿದರು. ಅಂಗಳದಲ್ಲಿ ಮುದುಕರೊಬ್ಬರು ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಅವ್ವ ತಾನು ಯಾರ ಮಗಳೆಂದು ಹೇಳಿದಳು. ಅವರು ಬಹಳ ಹೊತ್ತು ಅವಳ ಮುಖ ನೋಡಿದರು.

"ಅಕ್ಕ ಅದಾಳೇನವಾ?"

ಅವ್ವ ತಲೆ ಅಲ್ಲಾಡಿಸಿದಳು. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

ಕತೆಯನ್ನು ಅವರೇ ಹೇಳಿದರು. ಅಜ್ಜಿಗೆ ಮೊದಲೊಂದು ಮದುವೆಯಾಗಿತ್ತು. ಆ ಗಂಡ ಬೇಗ ಸತ್ತ. ತವರಿಗೆ ಮರಳಿದವಳು, ಸೀರೆ ಮಾರಲು ಬರುತ್ತಿದ್ದ ಇಳಕಲ್ಲಿನ ನೇಕಾರನೊಬ್ಬನ ಜೊತೆ ಹೊರಟುಹೋದಳು. ಅವನೇ ನನ್ನ ಅಜ್ಜ. ಜಾತಿ ಬೇರೆ. ಮಗಳು ನಮ್ಮ ಪಾಲಿಗೆ ಸತ್ತಳೆಂದು ಅವಳ ತಂದೆ ಊರ ಮುಂದೆ ಹೇಳಿದ.

"ನಿಮ್ಮಪ್ಪ ಅಂದ, ಇರ್ಲಿ" ಎಂದಳು ಅವ್ವ. "ನೀವ್ಯಾಕ ಸಂಬಂಧ ಇಲ್ಲ ಅಂತ ಬರೆಸಿದ್ರಿ ಮಾವ?"

"ತಲಾಟಿ ಬಂದು ಕೇಳಿದ, ಅಕ್ಕನ್ನ ನೀ ನೋಡ್ಕೋತಿಯೇನಪಾ ಅಂತ. ಹೂಂ ಅಂದ್ರ ಆಕೀ ಪಗಾರ ತಪ್ಪತೈತಿ ಅಂದ. ಅದಕ್ಕ ನಾ, ಸಂಬಂಧನ ಇಲ್ಲ ಅಂತ ಬರಕೋರಿ ಅಂದೆ. ಯಾಕ ಹಂಗಂದೆ ಅಂತ ಅಕ್ಕಗ ತಿಳೀತೈತಿ ಅನ್ಕೊಂಡೆ. ಹೋಗಿ ಹೇಳಬೇಕಿತ್ತು. ಒಂದ ಸಲ ಆಕೀ ಓಣಿ ಬಾಯಿತನ ಹೋಗಿ ತಿರುಗಿ ಬಂದೇನಿ. ಮಂದಿ ಅಂಜಿಕಿ, ಮತ್ತೇನಿಲ್ಲ."

ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವ್ವ ನಂಬಿದಳು, ಅಥವಾ ನಂಬಲು ಒಪ್ಪಿದಳು. ಸಣ್ಣವಳಿದ್ದಾಗ ತನ್ನವ್ವ ಹೇಗಿದ್ದಳೆಂದು ಕೇಳಿದಳು.

"ಕುರಿ ಕಾಯೂದ್ರಾಗ ನನಗಿಂತ ಶಾಣ್ಯಾಕಿ" ಎಂದರು ಅಜ್ಜಿಯ ತಮ್ಮ. "ಗುಡ್ಡದ ಮ್ಯಾಲ ನಿಂತು ಒಂದು ಕೂಗು ಹಾಕಿದ್ಲಂದ್ರ ಇಡೀ ಹಿಂಡು ಆಕೀ ಕಡೆ ತಿರಗತಿತ್ತು."

ಅಜ್ಜಿ ದನಿ ಎತ್ತಿ ಮಾತಾಡಿದ್ದನ್ನು ನಾವು ಒಮ್ಮೆಯೂ ಕೇಳಿರಲಿಲ್ಲ.

ನಾವು ಹೊರಟು ನಿಂತಾಗ ಅವರು ತಮ್ಮ ಸೊಸೆಯನ್ನು ಕರೆದರು. ಆಕೆ ಅಕ್ಕಿ, ಕೊಬ್ಬರಿ, ಗುಳೇದಗುಡ್ಡದ ಖಣವೊಂದನ್ನು ತಂದು ಅವ್ವನ ಉಡಿ ತುಂಬಿದಳು. ಸೆರಗು ಒಡ್ಡಿ ನಿಂತ ಅವ್ವ, "ಮಾವ, ಇದು ನಮ್ಮವ್ವಗ ಸಲ್ಲಬೇಕಾಗಿತ್ತು" ಎಂದಳು.

ಮುಂದಿನ ಅಮಾವಾಸ್ಯೆಗೆ ಅವರು ಸೊಸೆಯನ್ನು ಕರೆದುಕೊಂಡು ಇಳಕಲ್ಲಿಗೆ ಬಂದರು. ಮಣ್ಣು ಮಾಡಿದ ಜಾಗವನ್ನು ತೋರಿಸಿದೆವು. "ಯಕ್ಕಾ, ನಾ ಬಂದೇನಿ" ಎಂದು ಕುಕ್ಕರುಗಾಲಲ್ಲಿ ಕೂತರು. ನಾನು ಹತ್ತಿರ ಹೋಗಲು ನೋಡಿದೆ. ಅವ್ವ ಕೈಹಿಡಿದು ನಿಲ್ಲಿಸಿದಳು. ಅವರು ತಗ್ಗಿದ ದನಿಯಲ್ಲಿ ಮಾತಾಡುತ್ತಲೇ ಇದ್ದರು. ಏನೆಂದು ನಮಗೆ ಕೇಳಿಸಲಿಲ್ಲ. ಆಮೇಲೆ ಎದ್ದು ನಮ್ಮ ಜೊತೆ ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ನಮ್ಮ ಸಾಲಿನಲ್ಲಿ ಕೂತು ಊಟ ಮಾಡಿದರು.