ಮುಖ ಕಾಣದಿದ್ದರೆ ಅಕ್ಕಿ ಇಲ್ಲ

ಭದ್ರಾ ಹೊಳೆ ಭದ್ರಾವತಿಯ ತಗ್ಗಿನ ಬೀದಿಗಳಿಗೆ ನುಗ್ಗಿದ ವಾರ ನಮ್ಮ ಸಾಹುಕಾರರು ಅಕ್ಕಿ ಹಂಚಲು ಹೊರಟರು. ಅವರದು ಗಾಂಧಿ ಬಜಾರಿನಲ್ಲಿ ಹೋಲ್‌ಸೇಲ್ ದಿನಸಿ ಅಂಗಡಿ. ನಾನು ಅವರ ಗೂಡ್ಸ್ ಆಟೊ ಓಡಿಸುತ್ತೇನೆ. ಚೀಲ ಇಳಿಸುವುದು ನನ್ನ ಕೆಲಸ, ತೆಗೆದುಕೊಂಡವರ ಫೋಟೊ ಹೊಡೆಯುವುದೂ ನನ್ನದೇ. ಹಿಂದೆ ಅಂಗಡಿಯ ಬ್ಯಾನರ್ ಕಾಣಬೇಕು, ಮುಂದೆ ಮುಖ ಕಾಣಬೇಕು. ಒಬ್ಬ ಅಜ್ಜಿ ತಲೆ ತಗ್ಗಿಸಿ ನಿಂತಳು. "ಮುಖ ಎತ್ತಜ್ಜಿ" ಅಂದೆ. ಎತ್ತಿದಳು.

ಅವಳ ಹಿಂದೆ ನಮ್ಮಕ್ಕ! ಅವಳ ಮನೆಯಲ್ಲೂ ಮೊಣಕಾಲುದ್ದ ನೀರು ನಿಂತು ಅಕ್ಕಿಯೆಲ್ಲ ಹಾಳಾಗಿತ್ತು. ನನಗೆ ಹೇಳಿರಲಿಲ್ಲ. ಅಕ್ಕ ಅಂತ ಗೊತ್ತಿದ್ದೂ ಫೋಟೊ ಹೊಡೆಯಲು ಫೋನ್ ಎತ್ತಿದೆ.

"ಇಳ್ಸೋ ಅದನ್ನ. ನಾಳೆ ಮಗನ ಸ್ಕೂಲ್ ಗ್ರೂಪಲ್ಲಿ ನನ್ ಮುಖ ಬರ್ಬೇಕಾ?"

"ಎಲ್ರದ್ದೂ ಹೊಡೀತಿದ್ದೀನಲ್ಲಕ್ಕ."

"ದೊಡ್ಡ ಫೋಟೊಗ್ರಾಫರ್ ಬಂದ ನೋಡು," ಅಂದು ಬರಿಗೈಯಲ್ಲಿ ಹೋದಳು.

ಮರುದಿನ ಬೆಳಿಗ್ಗೆ ಅಕ್ಕ ಬರಿಗೈಯಲ್ಲಿ ಹೋದದ್ದನ್ನು ಸಾಹುಕಾರರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ನಿಮ್ಮಕ್ಕ ಅಂತ ಅಲ್ಲೇ ಹೇಳೋದಲ್ವೇನೋ ಮಾರಾಯ? ತಗೊಂಡ್ ಹೋಗು. ಫೋಟೊ ಗೀಟೊ ಏನೂ ಬೇಡ."

"ಹಂಗಾದ್ರೆ ಉಳಿದೋರದ್ದು ಯಾಕೆ ಅಣ್ಣ?"

"ಅಕ್ಕಿ ನಂದೊಬ್ಬಂದೇ ಏನೋ? ಅರ್ಧ ರೈಸ್‌ಮಿಲ್ಲಿನವರು ಕೊಟ್ಟಿದ್ದು. ಫೋಟೊ ನೋಡಿದ್ರೆ ತಾನೆ ಇನ್ನೊಂದು ಲೋಡ್ ಕಳ್ಸೋದು? ನಿನ್ನೆದು ಇನ್ನೂ ಕಳ್ಸಿಲ್ಲ ನೀನು, ಬೇಗ ಕಳ್ಸು."

ಅದೂ ಸರಿ ಅನ್ನಿಸಿತು. ಚೀಲ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಅವಳು ಅಂಗಳದ ಕೆಸರು ಬಳಿದು ಹಾಕುತ್ತಿದ್ದಳು.

"ಇದಕ್ಕೆ ಫೋಟೊ ಬೇಡ್ವಂತಾ?"

"ನೀನು ನಮ್ಮಕ್ಕ ಅಲ್ವಾ, ಅದಕ್ಕೆ."

"ಪಕ್ಕದ್ಮನೆ ಅಜ್ಜಿಗೆ ತಮ್ಮ ಇಲ್ಲ. ಅವಳ ಕೈಲಿ ಮುಖ ಎತ್ಸಿದ್ಯಲ್ಲ, ಅದನ್ನ ಮೊದ್ಲು ಅಳ್ಸು. ಆಮೇಲೆ ಚೀಲ ಇಳ್ಸು."

ಒಳಗೆ ಅವಳ ಮಗ ಬರೀ ಬನ್ನು ತಿನ್ನುತ್ತಿದ್ದ. ಅಜ್ಜಿಯ ಫೋಟೊ ಅಳಿಸಿದೆ. ಅಕ್ಕ ಚೀಲದ ಇನ್ನೊಂದು ತುದಿ ಹಿಡಿದಳು.

ವಾಪಸ್ ಬರುವಾಗ ದಾರಿಯಲ್ಲಿ ಸಿಗುವ ಮಲವಗೊಪ್ಪದಲ್ಲಿ ಗಾಡಿ ನಿಲ್ಲಿಸಿ ಫೋನ್ ತೆಗೆದೆ. ಉಳಿದ ಮುಖಗಳೆಲ್ಲ ಅದರಲ್ಲೇ ಇದ್ದವು. ಅಳಿಸಿದರೆ ಮುಂದಿನ ಲೋಡ್ ಬರುವುದಿಲ್ಲ. ಕಳಿಸಿದರೆ, ಅವರೂ ಯಾರದೋ ಅಕ್ಕಂದಿರೇ. ಕೊನೆಗೆ ಕಳಿಸಿದೆ.

ಸಾಹುಕಾರರಿಂದ ಕೈಮುಗಿದ ಚಿತ್ರ ಬಂತು. ಅದು ನನಗೋ, ಆ ಮುಖಗಳಿಗೋ, ಗೊತ್ತಾಗಲಿಲ್ಲ.