ಕೊನೆಯ ವಾರದ ರೇಟು

ಒಂದು ವಿದೇಶಿ ವಿಮಾನ ಕಂಪನಿಯ ಬೆಂಗಳೂರು ಮ್ಯಾನೇಜರರನ್ನು ನಂಬಿ ಹಲಸೂರಿನ ನನ್ನ ಟಿಕೆಟ್ ಅಂಗಡಿಯನ್ನೇ ಕಳೆದುಕೊಂಡೆ. ಅವರ ಟಿಕೆಟ್ಟನ್ನಷ್ಟೇ ಮಾರುತ್ತಾ, ಬೇರೆ ಕಂಪನಿಗಳ ಟಿಕೆಟ್ ಮಾರುವುದನ್ನು ಬಿಟ್ಟಿದ್ದೆ. ಸೀಟು ಖಾಲಿ ಕಂಡರೆ ಅವರು ಟೈ ಸಡಿಲಿಸಿ, "ಹೊರಡೋ ವಾರ ರೇಟ್ ಇಳಿಸೋಣ ರೀ, ತುಂಬುತ್ತೆ" ಎನ್ನುತ್ತಿದ್ದರು. ತುಂಬುತ್ತಲೂ ಇತ್ತು. ಗಿರಾಕಿಗಳು ಕೊನೆಯ ವಾರದವರೆಗೆ ಕಾಯುವುದನ್ನು ಕಲಿತರು.

"ಸಾರ್, ಮೊದಲೇ ತಗೊಂಡೋನು ಪೆದ್ದ ಆಗ್ತಾನಲ್ಲ?" ಎಂದೆ.

"ವಿಮಾನ ತುಂಬಿದ್ರೆ ಸಾಕು ಬಿಡ್ರೀ," ಎಂದು ನಕ್ಕರು.

ಒಂದು ಬೇಸಿಗೆ, ಮುಂದಿನ ತಿಂಗಳ ಬುಕಿಂಗ್ ಖಾಲಿ ಇರುವುದನ್ನು ಕಂಡು ಹೆಡ್ ಆಫೀಸಿನವರು ಬೆಂಗಳೂರಿನ ಹಾರಾಟವನ್ನೇ ನಿಲ್ಲಿಸಿದರು. ನಾನು ಹೋದಾಗ ಮ್ಯಾನೇಜರರು ತಮ್ಮ ಇಂದಿರಾನಗರದ ಆಫೀಸಿನಿಂದ ಹೆಡ್ ಆಫೀಸಿಗೆ ಫೋನ್ ಮಾಡಿ ಗೋಗರೆಯುತ್ತಿದ್ದರು. ನನ್ನನ್ನು ಕಂಡವರೇ, "ಕೊನೇ ವಾರ ಜನ ಬರ್ತಾರೆ ಅಂತ ನೀವಾದ್ರೂ ಹೇಳ್ರೀ!" ಎಂದು ರಿಸೀವರ್ ನನ್ನ ಕೈಗಿತ್ತರು. ಆ ಕಡೆಯವರು ಆಗಲೇ ಫೋನ್ ಇಟ್ಟಿದ್ದರು.

ನೀವು ಏನೇ ಮಾರಿ, ಅಗ್ಗದ ಬೆಲೆಯನ್ನು ಮೊದಲು ಬಂದವನಿಗೆ ಕೊಡಿ.